ಚಳಿದೇಶಕ್ಕೆ ವಿಮಾನ ಕಲಿಯಲು ಹೊರಟವರೇ, ರೆಕ್ಕೆಗೆ ಹಿಡಿಯುವ ಐಸಿನ ಬಗ್ಗೆ ಎಚ್ಚರ

ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಪೈಲಟ್ ತರಬೇತಿಗೆಂದು ಅಮೆರಿಕಕ್ಕೋ ಕೆನಡಾಕ್ಕೋ ಹೊರಟಿರುವ ಮಕ್ಕಳು, ಅವರನ್ನು ಕಳಿಸುವ ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಬರೆಯಲು ಕಾರಣ ಉಂಟು. ಹೋದ ಭಾನುವಾರ ನೀರ್ಚಾಲಿನ ಕಡೆಯ ಸಂಬಂಧಿಕರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗನಿಗೆ ಬರುವ ಚಳಿಗಾಲಕ್ಕೆ ಅಮೆರಿಕದಲ್ಲಿ ಸೀಟು ಆಗಿದೆ. ಫೀಸು, ವೀಸಾ, ಅಲ್ಲಿ ಅಕ್ಕಿ ಸಿಗುತ್ತದಾ ಎಂಬಲ್ಲಿಯವರೆಗೆ ಎಲ್ಲ ಕೇಳಿದರು. ಕೊನೆಗೆ ನಾನೇ, "ಐಸಿಂಗ್ ಬಗ್ಗೆ ಶಾಲೆಯವರು ಎಂತ ಹೇಳಿದ್ದಾರೆ?" ಎಂದೆ. ಹುಡುಗ, "ಅದು ದೊಡ್ಡ ವಿಮಾನಕ್ಕಲ್ವಾ ಅಕ್ಕ, ಮೂವತ್ತು ಸಾವಿರ ಅಡಿಯಲ್ಲಿ?" ಎಂದ.

2015ರಲ್ಲಿ ನಾನೂ ಹೀಗೆಯೇ ತಿಳಿದುಕೊಂಡಿದ್ದೆ. ಅದೇ ವರ್ಷ ನವೆಂಬರಿನಲ್ಲಿ, ಬರೀ ನಾಲ್ಕೈದು ಸಾವಿರ ಅಡಿ ಎತ್ತರದಲ್ಲಿ, ಸಾಯುವುದರಲ್ಲಿದ್ದೆ.

ಹುಡುಗನ ತಪ್ಪಲ್ಲ ಅದು. ನಮ್ಮ ಊರಿನಲ್ಲಿ ಸೊನ್ನೆ ಡಿಗ್ರಿ ಎಂಬುದು ಆಕಾಶದಲ್ಲಿ ಬಹಳ ಮೇಲೆ ಇರುತ್ತದೆ. ಮಳೆಗಾಲದಲ್ಲಿ ಸುಮಾರು ಐದು ಕಿಲೋಮೀಟರ್, ಎಂದರೆ ಹದಿನಾರು ಹದಿನೇಳು ಸಾವಿರ ಅಡಿ. ತರಬೇತಿಯ ಸಣ್ಣ ಸೆಸ್ನಾ ವಿಮಾನ ಅಷ್ಟು ಎತ್ತರಕ್ಕೆ ಹತ್ತುವುದೇ ಇಲ್ಲ. ಹಾಗಾಗಿ ಮೋಡ ಕಂಡರೆ ನಮಗೆ ಮಳೆ, ಗುಡುಗು, ಕುಲುಕಾಟ ನೆನಪಾಗುತ್ತದೆಯೇ ಹೊರತು ಐಸ್ ನೆನಪಾಗುವುದಿಲ್ಲ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ಹವಾಮಾನ ಪರೀಕ್ಷೆಗೆ ಐಸಿಂಗ್ ಅಧ್ಯಾಯವನ್ನು ನಾನು ಚೆನ್ನಾಗಿಯೇ ಓದಿದ್ದೆ. ರೈಮ್ ಐಸ್, ಕ್ಲಿಯರ್ ಐಸ್, ಮಿಶ್ರ ಐಸ್ ಎಂದು ಬಾಯಿಪಾಠ ಇತ್ತು. ಕಣ್ಣಿಗೆ ಬಿದ್ದದ್ದು ಮಾತ್ರ ಅವತ್ತೇ ಮೊದಲು.

ನಾನು ಕಲಿಯುತ್ತಿದ್ದದ್ದು ಮಿಷಿಗನ್ ರಾಜ್ಯದಲ್ಲಿ. ಆ ರಾಜ್ಯದ ಪಶ್ಚಿಮಕ್ಕೆ ಸಮುದ್ರದಂತಹ ಮಿಷಿಗನ್ ಸರೋವರ ಉಂಟು. ನವೆಂಬರಿನಲ್ಲಿ ಸರೋವರದ ನೀರಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ, ಅದರ ಮೇಲೆ ವಾಯವ್ಯದಿಂದ ಕೊರೆಯುವ ಗಾಳಿ ಹಾಯುತ್ತದೆ. ಗಾಳಿ ನೀರನ್ನು ಹೀರಿಕೊಂಡು ದಡಕ್ಕೆ ಬಂದು ಚಾಪೆ ಹಾಸಿದ ಹಾಗೆ ಮೋಡ ಕಟ್ಟುತ್ತದೆ. ಕೆಳಗಿನಿಂದ ನೋಡಿದರೆ ಏನೂ ಅಲ್ಲದ ಬೂದು ಮೋಡ. ಗುಡುಗಿಲ್ಲ, ಮಳೆಯಿಲ್ಲ. ಅದರೊಳಗಿನ ಹನಿಗಳು ಮಾತ್ರ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿದ್ದರೂ ನೀರಾಗಿಯೇ ಇರುತ್ತವೆ. ಹೆಪ್ಪುಗಟ್ಟಲು ಹನಿಗೆ ಏನಾದರೊಂದು ಆಸರೆ ಬೇಕು. ಆ ಆಸರೆ ನಮ್ಮ ರೆಕ್ಕೆ.

ಅವತ್ತಿನ ಪಾಠ ಲ್ಯಾನ್ಸಿಂಗ್‌ನಿಂದ ಸರೋವರದ ದಡದ ಮಸ್ಕೀಗನ್‌ಗೆ, ಉಪಕರಣ ನೋಡಿಕೊಂಡು ಮೋಡದೊಳಗೆ ಹಾರುವ ಅಭ್ಯಾಸ. ವಿಮಾನ 1978ರ ಸೆಸ್ನಾ 172. ಪಕ್ಕದಲ್ಲಿ ಬೋಧಕ. ಅವನೂ ನನಗಿಂತ ಎರಡೋ ಮೂರೋ ವರ್ಷ ದೊಡ್ಡವನು, ಏರ್‌ಲೈನ್ ಕೆಲಸಕ್ಕೆ ಬೇಕಾದ ಗಂಟೆಗಳನ್ನು ಕೂಡಿಸಲು ಪಾಠ ಹೇಳುತ್ತಿದ್ದವನು. ಇದನ್ನು ತಂದೆತಾಯಿಗಳು ತಿಳಿದಿರಬೇಕು: ಅಲ್ಲಿ ಬೋಧಕರೆಂದರೆ ತಲೆನರೆತವರು ಎಂದುಕೊಳ್ಳಬೇಡಿ. ಎಷ್ಟೋ ಮಂದಿ ಹಾರಾಟದ ಗಂಟೆ ಎಣಿಸುತ್ತಿರುವ ಹುಡುಗರು, ವಿಮಾನ ನೆಲದಲ್ಲಿ ನಿಂತರೆ ಅವರಿಗೂ ನಷ್ಟ.

ಬೆಳಿಗ್ಗೆ ಹವಾಮಾನ ವರದಿ ತೆಗೆದೆ. ಏರ್‌ಮೆಟ್ ಜುಲು ಇತ್ತು. ಐಸಿಂಗ್ ಸಾಧ್ಯತೆಗೆ ಅಲ್ಲಿ ಕೊಡುವ ಎಚ್ಚರಿಕೆ ಅದು. ನಾವು ಹೋಗುವ ದಾರಿ ಪೂರ್ತಿ ಅದರೊಳಗೆ. ನೆಲದಲ್ಲಿ 3 ಡಿಗ್ರಿ, ಮೋಡದ ಬುಡ ನೆಲದಿಂದ ಸುಮಾರು 2,500 ಅಡಿ. ಸಾವಿರ ಅಡಿ ಏರಿದರೆ ಮೂರು ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದರೆ ನಾವು ಹಾರುವ ನಾಲ್ಕು ಸಾವಿರ ಅಡಿಯಲ್ಲಿ (ಅದು ಸಮುದ್ರಮಟ್ಟದಿಂದ; ಅಲ್ಲಿನ ನೆಲದಿಂದ ಸುಮಾರು ಮೂರು ಸಾವಿರ) ಮೈನಸ್ ಆರು. ಮೋಡ ಉಂಟು, ಮೈನಸ್ ಉಂಟು. ಇನ್ನು ಕೇಳಲಿಕ್ಕೆ ಎಂತ ಉಂಟು? ಆ ವಿಮಾನದಲ್ಲಿ ಐಸ್ ತೆಗೆಯುವ ಯಾವ ವ್ಯವಸ್ಥೆಯೂ ಇಲ್ಲ. ಕಾಕ್‌ಪಿಟ್ಟಿನಲ್ಲೇ ಫಲಕ ಅಂಟಿಸಿದ್ದಾರೆ, ಐಸಿಂಗ್ ಇದೆಯೆಂದು ತಿಳಿದ ಕಡೆ ಹಾರುವುದು ನಿಷಿದ್ಧ ಎಂದು. ಆ ಫಲಕದ ಕೆಳಗೆ ಕುಳಿತೇ ನಾನು ಎಂಜಿನ್ ಚಾಲು ಮಾಡಿದೆ.

ಯಾಕೆ ಮಾಡಿದೆ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಈ ಬರಹಕ್ಕೆ ಅದೇ ಮುಖ್ಯ. ಆ ಶಾಲೆಯಲ್ಲಿ ಹಾರಾಟವನ್ನು 24 ಗಂಟೆಯೊಳಗೆ ರದ್ದು ಮಾಡಿದರೆ ದಂಡ ಹಿಡಿಯುತ್ತಿದ್ದರು. ಹವಾಮಾನಕ್ಕೆ ವಿನಾಯಿತಿ ಇತ್ತು, ಆದರೆ ಹವಾಮಾನ ಕೆಟ್ಟದ್ದು ಎಂದು ಬೋಧಕ ಒಪ್ಪಬೇಕು. ವಿಮಾನಕ್ಕೆ ಗಂಟೆಗೆ 130 ಡಾಲರ್, ಆಗಿನ ಲೆಕ್ಕದಲ್ಲಿ ಎಂಟೂವರೆ ಸಾವಿರ ರೂಪಾಯಿ. ಆ ರೂಪಾಯಿ ಬಂದದ್ದು ಅಪ್ಪನ ಅಡಿಕೆ ತೋಟದ ಮೇಲಿನ ಬ್ಯಾಂಕ್ ಸಾಲದಿಂದ. ಆ ವರ್ಷ ತೋಟಕ್ಕೆ ಕೊಳೆರೋಗ ಬೇರೆ ಬಂದಿತ್ತು. ಎರಡು ಸಲ ಬೋರ್ಡೋ ಹೊಡೆಸಿದರೂ ನಿಲ್ಲಲಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಅದನ್ನು ಕೇಳಿದವಳಿಗೆ "ಇವತ್ತು ಬೇಡ" ಎಂಬ ಮಾತು ಬಾಯಿಗೆ ಬರಲಿಲ್ಲ. ಕಲಿಸುವವರಿಗೆ ಎದುರು ಮಾತಾಡಬಾರದು ಎಂದು ಕೇಳಿಯೇ ದೊಡ್ಡವಳಾದವಳು ನಾನು. ಬೋಧಕ, "ತೆಳು ಪದರ, ದಾಟಿಬಿಡೋಣ" ಎಂದ. ನಾನು ಸರಿ ಎಂದೆ.

ಮೋಡ ಹೊಕ್ಕು ನಾಲ್ಕೈದು ನಿಮಿಷಕ್ಕೆ ರೆಕ್ಕೆಯ ಕೆಳಗಿನ ಆಧಾರದ ಕಂಬದ ಮುಂದಿನ ಅಂಚು ಬೆಳ್ಳಗಾಯಿತು. ನಮ್ಮ ಮನೆಯ ಹಳೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಬೆಳೆಯುವ ಒರಟು ಬಿಳಿ ಹಿಮ ಇದೆಯಲ್ಲ, ಅದೇ. ಅದು ರೈಮ್. ನೋಡಲು ಚಂದವೇ ಇತ್ತು. ನೋಡುತ್ತಿದ್ದ ಹಾಗೆ ವೇಗ 110 ನಾಟ್‌ನಿಂದ 100ಕ್ಕೆ ಬಂತು. ಗಾಜಿನ ಮುಂದೆ ಹಾಲು ಚೆಲ್ಲಿದ ಹಾಗೆ ಆಗಿ ಎದುರಿನದ್ದು ಕಾಣದಾಯಿತು. ಬೋಧಕ ಮೇಲೆ ಹತ್ತೋಣ, ಮೋಡದ ತಲೆ ಐದೂವರೆ ಸಾವಿರದಲ್ಲಿದೆ, ಆರು ಸಾವಿರಕ್ಕೆ ಹೋದರೆ ಬಿಸಿಲು ಎಂದ. ನೆಲದಿಂದ ರೇಡಿಯೊದಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಅನುಮತಿ ಕೊಟ್ಟರು.

ಈ ಜಾತಿಯ ಮೋಡದಲ್ಲಿ ನೀರು ಹೆಚ್ಚು ತುಂಬಿರುವುದು ತಲೆಯ ಹತ್ತಿರವೇ. ಪುಸ್ತಕದಲ್ಲಿ ಇದು ಒಂದು ಸಾಲು. ನಾನು ಓದಿದ್ದೆ, ಆದರೆ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಮೊದಲು ನಿಮಿಷಕ್ಕೆ 500 ಅಡಿ ಹತ್ತುತ್ತಿದ್ದ ವಿಮಾನ 5,200ಕ್ಕೆ ಬರುವಾಗ ನೂರು ಅಡಿಯೂ ಹತ್ತಲಾರದೆ ಒದ್ದಾಡಿತು. ಮೂಗು ಎತ್ತಿದರೆ ವೇಗ 75ಕ್ಕೆ ಬೀಳುತ್ತದೆ, ಇಳಿಸಿದರೆ ಏರುವುದಿಲ್ಲ. ಅದರ ಮೇಲೆ ಎಂಜಿನ್ನಿನ ಆರ್‌ಪಿಎಂ ತಾನಾಗಿ ಇಳಿಯಲಾರಂಭಿಸಿತು. ಗಾಳಿ ಎಳೆದುಕೊಳ್ಳುವ ಫಿಲ್ಟರಿಗೋ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೋ ಐಸ್ ಹಿಡಿದಿತ್ತು. ಎಂಜಿನ್ನಿಗೆ ಬಿಸಿಗಾಳಿ ಬಿಡುವ ಕಾರ್ಬುರೇಟರ್ ಹೀಟ್ ಎಳೆದೆ. ಎಂಜಿನ್ ಮೊದಲು ಇನ್ನೂ ಕುಗ್ಗಿತು, ಕೆಮ್ಮಿತು, ಆಮೇಲೆ ಸುಧಾರಿಸಿತು. ಹೊಸಬರು ಅಲ್ಲೇ ಹೆದರಿ ಹೀಟನ್ನು ಪುನಃ ಒಳಗೆ ತಳ್ಳಿಬಿಡುತ್ತಾರೆ. ತಳ್ಳಬೇಡಿ. ಕೆಮ್ಮಿದರೆ ಕರಗುತ್ತಿದೆ ಎಂದು ಅರ್ಥ.

ರೆಕ್ಕೆಗೆ ಐಸ್ ಹಿಡಿದರೆ ಭಾರ ಹೆಚ್ಚಾಗುವುದು ತೊಂದರೆ ಎಂದು ಹಲವರು ತಿಳಿದಿದ್ದಾರೆ. ಭಾರ ಆಮೇಲಿನ ಮಾತು. ರೆಕ್ಕೆಯ ಆಕಾರ ಕೆಡುವುದೇ ದೊಡ್ಡ ಅಪಾಯ. ಒರಟು ಸ್ಯಾಂಡ್‌ಪೇಪರಿನಷ್ಟು ತೆಳುವಾದ ಹಿಮ ಕೂಡ ರೆಕ್ಕೆಯ ಎತ್ತುವ ಶಕ್ತಿಯನ್ನು ಶೇಕಡಾ 30ರವರೆಗೆ ತಗ್ಗಿಸಿ, ಗಾಳಿಯ ಎಳೆತವನ್ನು ಶೇಕಡಾ 40ರವರೆಗೆ ಹೆಚ್ಚಿಸಬಲ್ಲದು. ಕೈಪಿಡಿಯಲ್ಲಿರುವ ಸ್ಟಾಲ್ ವೇಗ, ಎಂದರೆ ಅದಕ್ಕಿಂತ ಕೆಳಗೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಬೋಳು ರೆಕ್ಕೆಯದ್ದು. ಐಸ್ ಮೆತ್ತಿಕೊಂಡ ರೆಕ್ಕೆ ಎಷ್ಟಕ್ಕೆ ಕೈಬಿಡುತ್ತದೆ ಎಂದು ಯಾವ ಪುಸ್ತಕದಲ್ಲಿಯೂ ಇಲ್ಲ.

ಆಗಲೂ ನಾನು ರೇಡಿಯೊದಲ್ಲಿ ಬಾಯಿಬಿಡಲು ಎರಡು ನಿಮಿಷ ತಡಮಾಡಿದೆ. ನಿಷಿದ್ಧ ಎಂದು ಬರೆದ ಕಡೆ ಹೋಗಿದ್ದೇವೆ, ಹೇಳಿದರೆ ಲೈಸೆನ್ಸ್ ಹೋಗುತ್ತದೆ, ವೀಸಾ ಹೋಗುತ್ತದೆ, ಅಪ್ಪನ ಮುಖ ಹೇಗೆ ನೋಡುವುದು. ನಿಜವಾಗಿ ಇದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಬೋಧಕನೂ ಮಾತಿಲ್ಲದೆ ಕುಳಿತಿದ್ದ. ಕೊನೆಗೆ ಸ್ಟಾಲ್ ಎಚ್ಚರಿಕೆಯ ಪೀಪಿ ಒಮ್ಮೆ ಕುಂಯ್ ಎಂದಿತು. ಆಗ ನಾನೇ ಗುಂಡಿ ಒತ್ತಿ, ಐಸ್ ಹಿಡಿದಿದೆ, ಎತ್ತರ ಕಾಪಾಡಿಕೊಳ್ಳಲು ಆಗುತ್ತಿಲ್ಲ, ಕೆಳಗಿಳಿಯಬೇಕು ಎಂದೆ.

ಕಂಟ್ರೋಲರ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೂಡಲೇ ಕೆಳಗಿಳಿಸಿದರು, ದಾರಿಯಲ್ಲೇ ಇದ್ದ ಗ್ರ್ಯಾಂಡ್ ರ್‍ಯಾಪಿಡ್ಸ್ ಕಡೆಗೆ ದಿಕ್ಕು ಕೊಟ್ಟರು, ಬೇರೆ ವಿಮಾನವನ್ನು ಆಚೆ ಸರಿಸಿ ಹತ್ತು ಸಾವಿರ ಅಡಿ ಉದ್ದದ ರನ್‌ವೇಯನ್ನು ನಮಗೆ ಬಿಟ್ಟುಕೊಟ್ಟರು. ಮೋಡದಿಂದ ಹೊರಬಿದ್ದಾಗ ಐಸ್ ಬೆಳೆಯುವುದು ನಿಂತಿತು, ಆದರೆ ಕರಗಲಿಲ್ಲ. ಅಲ್ಲಿಯೂ ಮೈನಸ್ಸೇ. ಡಿಫ್ರಾಸ್ಟರಿನ ಬಿಸಿಗಾಳಿ ಗಾಜಿನಲ್ಲಿ ಅಂಗೈಯಷ್ಟು ಕಿಂಡಿ ಮಾಡಿತ್ತು. ಆ ಕಿಂಡಿ, ಮತ್ತೆ ಪಕ್ಕದ ಕಿಟಕಿ, ಅಷ್ಟರಲ್ಲೇ ರನ್‌ವೇ ನೋಡಿದ್ದು.

ಅಷ್ಟು ಹೊತ್ತು ಸುಮ್ಮನಿದ್ದ ಬೋಧಕ ಒಂದು ಸರಿಯಾದ ಕೆಲಸ ಮಾಡಿದ. ಅಭ್ಯಾಸಬಲದಿಂದ ನಾನು ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಹಲಗೆ) ಇಳಿಸಲು ಕೈಚಾಚಿದಾಗ ಕೈ ಹಿಡಿದು ನಿಲ್ಲಿಸಿದ. ಬಾಲದ ರೆಕ್ಕೆಗೆ ಐಸ್ ಹಿಡಿದಿದ್ದಾಗ ಫ್ಲ್ಯಾಪ್ ಇಳಿಸಿದರೆ ಬಾಲಕ್ಕೆ ಬಡಿಯುವ ಗಾಳಿಯ ದಿಕ್ಕು ಬದಲಾಗಿ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಎಲಿವೇಟರ್ ಹಿಡಿತ ತಪ್ಪಬಹುದು. ನೆಲದ ಹತ್ತಿರ ಮೂಗು ಕೆಳಗೆ ಬಾಗಿದರೆ ಎತ್ತಲು ಸಮಯ ಇರುವುದಿಲ್ಲ. ಫ್ಲ್ಯಾಪ್ ಇಲ್ಲದೆ 80 ನಾಟ್‌ನಲ್ಲಿ ಬಂದು, ಪವರ್ ಪೂರ್ತಿ ತೆಗೆಯದೆ ಚಕ್ರ ತಾಗಿಸಿದೆವು.

ಇಳಿದ ಮೇಲೆ ಹಿಂದೆ ಹೋಗಿ ನೋಡಿದೆ. ರೆಕ್ಕೆಯ ಅಂಚಿನಲ್ಲಿ ಕಿರುಬೆರಳಿನಷ್ಟು ದಪ್ಪ, ಬಾಲದ ಅಂಚಿನಲ್ಲಿ ಹೆಬ್ಬೆರಳಿನಷ್ಟು. ಅಂಚು ಸಪೂರ ಇದ್ದಷ್ಟೂ ಐಸ್ ಹೆಚ್ಚು ಹಿಡಿಯುತ್ತದೆ. ಪೈಲಟ್ ಸೀಟಿನಿಂದ ಬಾಲದ ಅಂಚು ಸರಿಯಾಗಿ ಕಾಣುವುದಿಲ್ಲ. ನಾವು ನೋಡುತ್ತಿದ್ದದ್ದು ಕಡಿಮೆ ಹಿಡಿದ ಜಾಗವನ್ನು. ಆ ದಿನ ರಾತ್ರಿ 172ರ ಕೈಪಿಡಿಯಲ್ಲಿ ತುರ್ತು ಪುಟ ತೆಗೆದು ಓದಿದೆ. ವೇಗ ಅಳೆಯುವ ಕೊಳವೆಯನ್ನು ಬಿಸಿ ಮಾಡುವ ಪಿಟೊ ಹೀಟ್ ಹಾಕಿ, ಹಿಂದಿರುಗಿ ಇಲ್ಲವೇ ಎತ್ತರ ಬದಲಿಸಿ, ಕಾಲು ಇಂಚು ಐಸ್ ಹಿಡಿದರೆ ಸ್ಟಾಲ್ ವೇಗ ಬಹಳ ಏರುತ್ತದೆ, ಫ್ಲ್ಯಾಪ್ ಮುಟ್ಟಬೇಡಿ. ಎಲ್ಲ ಅಲ್ಲೇ ಇತ್ತು. ಲೈಸೆನ್ಸ್, ವೀಸಾ ಯಾರೂ ಕೇಳಲಿಲ್ಲ. ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೋಟ ಹೋದರೆ ಪುನಃ ಸಸಿ ನೆಡಬಹುದು ಮಗಳೇ, ನೀನು ಹಣದ ಲೆಕ್ಕ ಹಾಕಿ ವಿಮಾನ ಹತ್ತಬೇಡ" ಎಂದರು. ಹೊರಡುವ ಮೊದಲೇ ಈ ಮಾತು ನಮ್ಮ ಮನೆಯಲ್ಲಿ ಆಗಬೇಕಿತ್ತು. ನಿಮ್ಮ ಮನೆಯಲ್ಲಾದರೂ ಆಗಲಿ.

ಐಸ್ ತೆಗೆಯುವ ಸಾಧನ ಇದ್ದರೆ ಸಾಕು ಎಂದೂ ಧೈರ್ಯ ಮಾಡಬೇಡಿ. ಅದೇ ಸರೋವರದ ದಕ್ಷಿಣಕ್ಕೆ, ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ 1994ರ ಅಕ್ಟೋಬರ್ 31ರಂದು ಎಟಿಆರ್ 72 ವಿಮಾನ ಬಿದ್ದು 68 ಜನ ತೀರಿಕೊಂಡರು. ರೆಕ್ಕೆಯ ಅಂಚಿನಲ್ಲಿ ಗಾಳಿಯಿಂದ ಉಬ್ಬಿ ಐಸ್ ಒಡೆಯುವ ರಬ್ಬರ್ ಬೂಟುಗಳು ಆ ವಿಮಾನಕ್ಕೆ ಇದ್ದವು. ಹನಿಗಳು ದೊಡ್ಡವಾಗಿದ್ದರಿಂದ ನೀರು ಬೂಟುಗಳ ಹಿಂದಕ್ಕೆ ಹರಿದು ಅಲ್ಲಿ ದಿಣ್ಣೆಯಂತೆ ಕಟ್ಟಿತು, ವಿಮಾನ ಹಠಾತ್ತನೆ ಮಗುಚಿತು. ಸರದಿಗಾಗಿ ಕಾಯುತ್ತಾ ಅದೇ ಮೋಡದಲ್ಲಿ ಸುತ್ತು ಹೊಡೆಯುತ್ತಿದ್ದ ವಿಮಾನ ಅದು.

ಭಾರತದಲ್ಲೇ ಕಲಿಯುವವರಿಗೆ ಒಂದು ಮಾತು. ನಿಮಗೆ ಐಸ್ ಇಲ್ಲ ಎಂದುಕೊಳ್ಳಬೇಡಿ. ಕಾರ್ಬುರೇಟರಿನೊಳಗೆ ಪೆಟ್ರೋಲ್ ಆವಿಯಾಗುವಾಗ, ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಉಷ್ಣಾಂಶ ಮೂವತ್ತು ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಹೊರಗೆ 21 ಡಿಗ್ರಿಯ ಆಸುಪಾಸು, ತೇವ ಶೇಕಡಾ 80ಕ್ಕಿಂತ ಹೆಚ್ಚು ಇದ್ದರೆ ಒಳಗೆ ಐಸ್ ಕಟ್ಟಲು ಹೇಳಿ ಮಾಡಿಸಿದ ಹವೆ. ಡಿಸೆಂಬರಿನ ಬೆಳಿಗ್ಗೆ ನಮ್ಮ ತೋಟಗಳಲ್ಲಿ ಅಡಿಕೆ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುವ ಹೊತ್ತಿನ ಹವೆಯೇ ಅದು. ಪವರ್ ತಗ್ಗಿಸಿ ಇಳಿಯುವಾಗ ಆರ್‌ಪಿಎಂ ಮೇಲೆ ಕಣ್ಣಿರಲಿ, ಹೀಟ್ ಮೊದಲೇ ಎಳೆಯಿರಿ.

ನೀರ್ಚಾಲಿನ ಹುಡುಗನಿಗೆ ನಾನು ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮೋಡ ಇದ್ದು ಉಷ್ಣಾಂಶ ಸೊನ್ನೆಯೋ ಅದಕ್ಕಿಂತ ಕೆಳಗೋ ಇದ್ದರೆ ಆ ಮೋಡದೊಳಗೆ ತರಬೇತಿ ವಿಮಾನ ಹೋಗುವುದಿಲ್ಲ, ತೆಳುವೋ ದಪ್ಪವೋ ಎಂಬ ಚರ್ಚೆ ಬೇಡ. ಬೇರೆ ಪೈಲಟ್‌ಗಳು ಕೊಟ್ಟ ಪೈರೆಪ್ ವರದಿ ಓದಿ, ಆದರೆ ದೊಡ್ಡ ವಿಮಾನದವರು ಸ್ವಲ್ಪ ಐಸ್ ಎಂದದ್ದು ಸೆಸ್ನಾಕ್ಕೆ ಬಹಳ ಆಗಬಹುದು. ರಾತ್ರಿ ಹೊರಗೆ ನಿಂತ ವಿಮಾನದ ಮೇಲಿನ ಹಿಮವನ್ನು ಪೂರ್ತಿ ತೆಗೆಯದೆ ಹೊರಡಬೇಡಿ. ಬಿಸಿನೀರು ಸುರಿಯಬೇಡಿ, ಅದು ಹರಿದು ಕೀಲುಗಳಲ್ಲಿ ಹೆಪ್ಪುಗಟ್ಟುತ್ತದೆ. ಐಸ್ ಕಂಡ ಮೊದಲ ನಿಮಿಷದಲ್ಲೇ ಕಂಟ್ರೋಲರಿಗೆ ಹೇಳಿ, ಕೈಯಲ್ಲಿ ವೇಗ ಇರುವಾಗಲೇ ತಿರುಗಿ.

ತಂದೆತಾಯಿಗಳು ಹಣ ಕಟ್ಟುವ ಮೊದಲು ಶಾಲೆಗೆ ಮೂರು ಪ್ರಶ್ನೆ ಕೇಳಿ. ಚಳಿಗಾಲದಲ್ಲಿ ವಿಮಾನಗಳನ್ನು ಹ್ಯಾಂಗರಿನೊಳಗೆ ಇಡುತ್ತೀರಾ? ಏರ್‌ಮೆಟ್ ಜುಲು ಇರುವ ದಿನ ಮೋಡದೊಳಗಿನ ಪಾಠ ನಿಲ್ಲಿಸುತ್ತೀರಾ? ಹವಾಮಾನ ಸರಿಯಿಲ್ಲ, ನಾನು ಹಾರುವುದಿಲ್ಲ ಎಂದು ವಿದ್ಯಾರ್ಥಿ ಹೇಳಿದರೆ, ಬೋಧಕ ಒಪ್ಪಲಿ ಬಿಡಲಿ, ದಂಡ ಹಿಡಿಯುತ್ತೀರಾ? ಮೂರನೆಯದಕ್ಕೆ ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.