ಮನೆಗೊಂದು ಮಗುವಿನ ತೂಕದ ಯಂತ್ರ: ಯಾರಿಗೆ ಬೇಕು, ಯಾರಿಗೆ ಬೇಡ

ಹಸುಗೂಸುಗಳಿಗೆಂದೇ ಮಾಡಿದ ಡಿಜಿಟಲ್ ತೂಕದ ಯಂತ್ರಗಳು ಈಗ ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವುದರಿಂದ, ಬಾಣಂತನದ ಸಾಮಾನಿನ ಪಟ್ಟಿಯಲ್ಲಿ ತೊಟ್ಟಿಲು, ಸೊಳ್ಳೆ ಪರದೆಗಳ ಜೊತೆಗೆ ಅವೂ ಸೇರಿಕೊಳ್ಳುತ್ತಿವೆ. ಮಗಳು ಹುಟ್ಟಿದಾಗ ನಾವು ತರಿಸಿದ್ದು 20 ಕಿಲೋವರೆಗೆ ತೂಗುವ, 5 ಗ್ರಾಂ ವ್ಯತ್ಯಾಸವನ್ನೂ ಹಿಡಿಯುತ್ತೇನೆನ್ನುವ, ನಡುವೆ ತಗ್ಗಾದ ಪ್ಲಾಸ್ಟಿಕ್ ತಟ್ಟೆಯ ಯಂತ್ರ. ಅದು ಹುಟ್ಟಿದ ವಾರದಿಂದ ವರ್ಷ ತುಂಬುವವರೆಗೂ ನಮ್ಮಲ್ಲಿ ಕೆಲಸ ಮಾಡಿದೆ. ಕಂಪನಿಯ ಹೆಸರು ಹೇಳುವ ಅಗತ್ಯವಿಲ್ಲ. ಈ ಬೆಲೆಯ ಯಂತ್ರಗಳ ಗುಣದೋಷಗಳು ಹೆಚ್ಚುಕಡಿಮೆ ಒಂದೇ.

ತೂಗುವ ಕೆಲಸದಲ್ಲಿ ಯಂತ್ರ ಪ್ರಾಮಾಣಿಕವಾಗಿದೆ. ಅಂಗಡಿಯ ಒಂದು ಕಿಲೋ ಸಕ್ಕರೆಯ ಪ್ಯಾಕೆಟ್ ಇಟ್ಟು ಆಗಾಗ ಪರೀಕ್ಷಿಸಿದಾಗ, ಪ್ಯಾಕೆಟ್ಟಿನ ಕವರಿನ ತೂಕ ಬಿಟ್ಟರೆ ಲೆಕ್ಕ ಸರಿಯಾಗಿಯೇ ಬಂದಿದೆ. ತಟ್ಟೆಯ ಮೇಲೆ ಬಟ್ಟೆ ಹಾಸಿ ಸೊನ್ನೆ ಮಾಡಿಕೊಳ್ಳುವ ಗುಂಡಿ ಇರುವುದರಿಂದ ಮಗುವನ್ನು ತಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಮಲಗಿಸಬೇಕಾಗಿಲ್ಲ. ಮಗು ಕೈಕಾಲು ಬಡಿಯುವಾಗ ಅಂಕಿಗಳು 4.31, 4.38, 4.27 ಎಂದು ಓಡಾಡುತ್ತವೆ. ‘ಹೋಲ್ಡ್’ ಗುಂಡಿ ಒತ್ತಿದರೆ ಯಂತ್ರ ಅವುಗಳ ಸರಾಸರಿ ಹಿಡಿದು ನಿಲ್ಲಿಸುತ್ತದೆ. ಒಂದೇ ಷರತ್ತೆಂದರೆ ಅದನ್ನು ಗಟ್ಟಿ ನೆಲದ ಮೇಲಿಡಬೇಕು. ಹಾಸಿಗೆಯ ಮೇಲಿಟ್ಟರೆ ಅಡಿಯ ನಾಲ್ಕು ರಬ್ಬರ್ ಕಾಲುಗಳು ಸಮನಾಗಿ ಊರದೆ ತೂಕ ತಪ್ಪುತ್ತದೆ.

ತೊಂದರೆ ಇರುವುದು ಆ 5 ಗ್ರಾಮಿನ ಆಮಿಷದಲ್ಲಿ. ಮೊದಲ ಮೂರು ತಿಂಗಳು ಮಗು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುತ್ತದೆ. ಒಂದು ಸಲ ಹೊಟ್ಟೆ ತುಂಬ ಕುಡಿದ ಹಾಲೇ ಅದಕ್ಕಿಂತ ಹೆಚ್ಚು ತೂಗುತ್ತದೆ, ನೆನೆದ ಲಂಗೋಟಿಯೂ ಅಷ್ಟೇ. ಹೀಗಿರುವಾಗ ನಿನ್ನೆ ಹಾಲು ಕುಡಿದ ಮೇಲೆ ತೂಗಿ ಇಂದು ಕುಡಿಯುವ ಮೊದಲು ತೂಗಿದರೆ, ಚೆನ್ನಾಗಿ ಬೆಳೆಯುತ್ತಿರುವ ಮಗುವೂ ಇಳಿದಂತೆ ಕಾಣುತ್ತದೆ. ಮೊದಲ ವಾರದಲ್ಲಂತೂ ಇಳಿಯುವುದೇ ಸಹಜ: ಹುಟ್ಟಿದ ತೂಕದ ಶೇಕಡಾ 7ರಿಂದ 10ರವರೆಗೆ ಕಳೆದುಕೊಂಡು, ಎರಡು ವಾರದೊಳಗೆ ಅದನ್ನು ಮರಳಿ ಪಡೆಯುತ್ತದೆ. 3 ಕಿಲೋ ಹುಟ್ಟಿದ ಮಗು ನಾಲ್ಕನೇ ದಿನ 2.8 ತೋರಿಸಿದರೆ ಬಾಣಂತಿಯ ಹಾಲು ಸಾಲುತ್ತಿಲ್ಲವೆಂದು ಮನೆಯವರು ಡಬ್ಬಿ ಹಾಲಿನ ಮಾತೆತ್ತುತ್ತಾರೆ; ಯಂತ್ರ ಮನೆಯಲ್ಲಿಲ್ಲದಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ. ಆ ವಾರ ಯಂತ್ರವನ್ನು ಅಟ್ಟದ ಮೇಲಿಡುವುದೇ ವಾಸಿ. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಹಾಗೂ 42ನೇ ದಿನಗಳಂದು ಬಂದು ಮಗುವನ್ನು ನೋಡುವ ವ್ಯವಸ್ಥೆ ಹೇಗೂ ಇದೆ. ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬಾರದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಯಂತ್ರದೊಂದಿಗೆ ಬಂದ ಆ್ಯಪ್ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮಗುವಿನ ತೂಕ ಆ ವಯಸ್ಸಿನ ನಡುಗೆರೆಗಿಂತ ತುಸು ಕೆಳಗಿದ್ದರೂ ‘ಸರಾಸರಿಗಿಂತ ಕಡಿಮೆ’ ಎಂದು ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತದೆ. ನಡುಗೆರೆ ಎಂದರೇನೇ ಅರ್ಧದಷ್ಟು ಆರೋಗ್ಯವಂತ ಮಕ್ಕಳು ಅದರ ಕೆಳಗಿರುತ್ತಾರೆಂದು ಆ್ಯಪ್ ಬರೆದವರಿಗೆ ಹೊಳೆದಂತಿಲ್ಲ. ಇದಕ್ಕಿಂತ ಎಷ್ಟೋ ಮೇಲಾದದ್ದು ಸರ್ಕಾರ ಉಚಿತವಾಗಿ ಕೊಡುವ ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡ ಅದಕ್ಕೆ ಆಧಾರ. ಭಾರತವೂ (ದಕ್ಷಿಣ ದೆಹಲಿ) ಸೇರಿದಂತೆ ಆರು ದೇಶಗಳಲ್ಲಿ ಎದೆಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆದು ಅದನ್ನು ರೂಪಿಸಲಾಗಿದೆ. ಅದರಂತೆ ಹೆಣ್ಣುಮಕ್ಕಳ ನಡುಗೆರೆ ಹುಟ್ಟುವಾಗ 3.2 ಕಿಲೋ, ಮೂರು ತಿಂಗಳಿಗೆ 5.8, ಆರು ತಿಂಗಳಿಗೆ 7.3, ವರ್ಷಕ್ಕೆ 8.9. ಗಂಡುಮಕ್ಕಳದು 3.3, 6.4, 7.9 ಹಾಗೂ 9.6. ಆದರೆ ಆರು ತಿಂಗಳ ಹೆಣ್ಣುಮಗು 5.7 ಕಿಲೋ ಇದ್ದರೂ ನಕ್ಷೆಯಲ್ಲಿ ಹಸಿರು ಪಟ್ಟಿಯೊಳಗೇ ಇರುತ್ತದೆ. ಹಳದಿ, ಕಿತ್ತಳೆ ಪಟ್ಟಿಗಳು ಅದರ ಕೆಳಗಿವೆ.

ಚುಕ್ಕೆ ಎಲ್ಲಿದೆ ಎಂಬುದಕ್ಕಿಂತ ಚುಕ್ಕೆಗಳನ್ನು ಸೇರಿಸಿದ ಗೆರೆ ಎತ್ತ ಹೋಗುತ್ತಿದೆ ಎಂಬುದು ಮುಖ್ಯವೆಂದು ನಮ್ಮ ಅಂಗನವಾಡಿ ಟೀಚರ್ ಪೆನ್ಸಿಲ್ ಹಿಡಿದು ತೋರಿಸಿಕೊಟ್ಟರು. ಮೊದಲಾರು ತಿಂಗಳು ಕಡಿದಾಗಿ ಏರಿದ ಗೆರೆ ಆಮೇಲೆ ತಾನಾಗಿ ಬಾಗುತ್ತದೆ, ಏಕೆಂದರೆ ಆರರಿಂದ ಹನ್ನೆರಡನೇ ತಿಂಗಳವರೆಗೆ ಏರುವುದು ತಿಂಗಳಿಗೆ ಸರಾಸರಿ 300 ಗ್ರಾಮಿಗೂ ಕಡಿಮೆ. ಮನೆಯ ಹಿರಿಯರು ಇದನ್ನೇ ಹಲ್ಲು ಬರುವ ಕಾಲಕ್ಕೂ ದೃಷ್ಟಿ ತಾಗುವುದಕ್ಕೂ ಗಂಟುಹಾಕುತ್ತಾರೆ. ಗೆರೆ ಬಾಗುವುದು ಬೇರೆ, ತಿಂಗಳುಗಟ್ಟಲೆ ಅಡ್ಡಗೆ ಮಲಗುವುದು ಅಥವಾ ಕೆಳಗಿನ ಪಟ್ಟಿಗೆ ಜಾರುವುದು ಬೇರೆ; ಎರಡನೆಯದಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ತಟ್ಟೆಯ ಅಂಚಿನಲ್ಲಿ ಮುದ್ರಿಸಿರುವ ಉದ್ದದ ಅಳತೆಪಟ್ಟಿ ಹೆಸರಿಗಷ್ಟೇ. ಮಗು ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಅದರಲ್ಲೂ ಆರು ತಿಂಗಳಾದ ಮೇಲೆ ತಿಂಗಳಿಗೆ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಮೊಣಕಾಲು ಮಡಚಿ ಮಲಗಿದ ಮಗುವನ್ನು ಬಾಗಿದ ತಟ್ಟೆಯಲ್ಲಿ ಅಳೆದರೆ ಬರುವ ತಪ್ಪೇ ಅದಕ್ಕಿಂತ ದೊಡ್ಡದು. ಅಂಗನವಾಡಿಯ ಇನ್‌ಫ್ಯಾಂಟೋಮೀಟರಿನಲ್ಲಿ ಒಬ್ಬರು ತಲೆಯನ್ನು ಮೇಲಿನ ಹಲಗೆಗೆ ತಾಗಿಸಿ ಹಿಡಿದಿರುತ್ತಾರೆ, ಇನ್ನೊಬ್ಬರು ಮೊಣಕಾಲುಗಳನ್ನು ಮೆಲ್ಲಗೆ ಒತ್ತಿ ನೇರಮಾಡಿ ಜಾರುವ ಹಲಗೆಯನ್ನು ಅಂಗಾಲಿಗೆ ತರುತ್ತಾರೆ. ಇಬ್ಬರಿಲ್ಲದೆ ಆಗದ ಕೆಲಸ ಅದು.

ಅವಧಿಗೆ ಮುನ್ನ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಆಗಾಗ ತೂಕ ನೋಡಿರೆಂದು ವೈದ್ಯರು ಹೇಳಿದ್ದರೆ, ಆಸ್ಪತ್ರೆಗೆ ಎಡತಾಕುವುದು ಕಷ್ಟವಾಗಿದ್ದರೆ, ಈ ಯಂತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೆಳಗಿನ ಹಾಲಿಗೆ ಮುಂಚೆ, ಬಟ್ಟೆ ಬಿಚ್ಚಿ, ಅವರು ಹೇಳಿದಷ್ಟು ಸಲ ಮಾತ್ರ ತೂಗಿದರೆ ಸಾಕು. ದಿನ ತುಂಬಿ ಹುಟ್ಟಿ ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ತಿಂಗಳಿಗೊಮ್ಮೆ ಅಂಗನವಾಡಿಯ ತೂಕ ಧಾರಾಳವಾಯಿತು. ತೂಕಕ್ಕೆ ಐದಕ್ಕೆ ನಾಲ್ಕು ಅಂಕ, ಆ್ಯಪ್‌ಗೆ ಒಂದು, ಅಳತೆಪಟ್ಟಿಗೆ ಸೊನ್ನೆ.