ಚಲನ್ ಕೈಗೆ ಬಂದ ಮಾತ್ರಕ್ಕೆ ಜಿಎಸ್‌ಟಿ ಕಟ್ಟಿದಂತಲ್ಲ: ಗುತ್ತಿಗೆದಾರರ ಮನೆಯವರಿಗೆ ಒಂದು ಎಚ್ಚರಿಕೆ

ಜಿಲ್ಲಾ ಪಂಚಾಯಿತಿ, ಲೋಕೋಪಯೋಗಿ, ಸಣ್ಣ ನೀರಾವರಿ ಅಂತ ಸರ್ಕಾರಿ ಗುತ್ತಿಗೆ ಕೆಲಸ ಮಾಡುವವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಜಿಎಸ್‌ಟಿ ರಿಟರ್ನ್ ಬೇರೆ ಯಾರೋ ಹಾಕುತ್ತಿದ್ದರೆ ಇವತ್ತೇ ಒಂದು ವಿಷಯ ಪತ್ತೆ ಮಾಡಿ. ಪೋರ್ಟಲ್‌ನಲ್ಲಿ ನಿಮ್ಮ ನೋಂದಣಿಗೆ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಕೊಟ್ಟಿದ್ದಾರೆ? ನಮ್ಮ ನೋಂದಣಿಯಲ್ಲಿ ಎರಡೂ ಕನ್ಸಲ್ಟೆಂಟ್‌ದೇ ಇದ್ದವು. ಮುಂದಿನ ಎಲ್ಲಾ ಕಷ್ಟಕ್ಕೂ ದಾರಿಯಾಗಿದ್ದು ಅದೇ.

ನಮ್ಮೆಜಮಾನ್ರು ಮಾಡುವುದು ಸಿಸಿ ರಸ್ತೆ, ಚರಂಡಿ, ಅಂಗನವಾಡಿ ಕಟ್ಟಡದಂಥ ಕೆಲಸ. ಆಲೂರು, ಸಕಲೇಶಪುರ ಕಡೆಯದೇ ಜಾಸ್ತಿ. ಅವರು ಸೈಟಿನಲ್ಲಿರುತ್ತಾರೆ, ಸಿಮೆಂಟು-ಕಬ್ಬಿಣದ ಬಿಲ್ಲು, ಕೂಲಿ ಲೆಕ್ಕ ಮನೆಯಲ್ಲಿ ನಾನು ಬರೆಯುತ್ತೇನೆ. ರಿಟರ್ನ್ ಹಾಕಲು ಹಾಸನದಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಇದ್ದ. ದೂರು ಕೊಟ್ಟಿದ್ದೇವೆ, ಹಾಗಾಗಿ ಹೆಸರು ಬರೆಯುವುದಿಲ್ಲ. ನಮ್ಮ ಜಿಎಸ್‌ಟಿ ನೋಂದಣಿ ಮಾಡಿಸಿದ್ದೂ ಆತನೇ. "ಓಟಿಪಿಗೆ ಅಂತ ಸುಮ್ನೆ ನಿಮಗೆ ಪದೇ ಪದೇ ಫೋನ್ ಮಾಡೋದು ಬೇಡ ಅಕ್ಕಾ, ನನ್ನ ನಂಬರೇ ಇರಲಿ" ಅಂದಿದ್ದ. ಊರಲ್ಲಿ ಮುಕ್ಕಾಲು ಪಾಲು ಜನರದ್ದು ಹೀಗೇ ನಡೆಯುತ್ತದೆ.

ಆತ ಮಾಡಿದ್ದು ಏನು ಅಂತ ಅರ್ಥ ಆಗಬೇಕಾದರೆ ಒಂದು ಬಿಲ್ ತಗೊಳ್ಳೋಣ. 20 ಲಕ್ಷದ ಕೆಲಸ ಅಂತಿಟ್ಟುಕೊಳ್ಳಿ. ಸರ್ಕಾರಿ ಕಾಮಗಾರಿ ಗುತ್ತಿಗೆಗೆ 2022ರ ಜುಲೈ 18ರಿಂದ ಜಿಎಸ್‌ಟಿ 12% ಇದ್ದದ್ದು 18% ಆಯಿತಲ್ಲ, ಆ ಲೆಕ್ಕದಲ್ಲಿ ತೆರಿಗೆ 3.60 ಲಕ್ಷ. ಸಿಮೆಂಟು, ಕಬ್ಬಿಣ, ಜಲ್ಲಿ ತರುವಾಗ ನಾವು ಕೊಟ್ಟ ತೆರಿಗೆ, ಅಂದರೆ ಐಟಿಸಿ, 2 ಲಕ್ಷ ಅಂತಿರಲಿ, ಅದನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು. ಕೂಲಿಗೆ ಐಟಿಸಿ ಇಲ್ಲ, ಹಾಗಾಗಿ ಚರಂಡಿ, ರಸ್ತೆ ಕೆಲಸದಲ್ಲಿ ಜೇಬಿನಿಂದ ಕಟ್ಟುವುದು ಇದ್ದೇ ಇರುತ್ತದೆ. ಇಲ್ಲಿ ಉಳಿದಿದ್ದು 1.60 ಲಕ್ಷ. ಅಷ್ಟನ್ನೂ ಆತ ತನ್ನ ಖಾತೆಗೆ ಹಾಕಿಸಿಕೊಳ್ಳುತ್ತಿದ್ದ, "ನಾನೇ ಆನ್‌ಲೈನ್‌ನಲ್ಲಿ ಕಟ್ಟಿಬಿಡ್ತೀನಿ" ಅಂತ.

ರಶೀದಿ ಕೇಳಿದರೆ ವಾಟ್ಸಾಪ್‌ನಲ್ಲಿ ಚಲನ್ ಬರುತ್ತಿತ್ತು. ಮೇಲೆ ಜಿಎಸ್‌ಟಿ ಲಾಂಛನ, ನಮ್ಮ ಜಿಎಸ್‌ಟಿ ನಂಬರ್, ಸಂಸ್ಥೆ ಹೆಸರು, ಸಿಜಿಎಸ್‌ಟಿ ಎಷ್ಟು, ಎಸ್‌ಜಿಎಸ್‌ಟಿ ಎಷ್ಟು, ಎಲ್ಲಾ ಸರಿಯಾಗಿರುತ್ತಿತ್ತು. ಅದು ನಕಲಿ ಅಲ್ಲ, ಪೋರ್ಟಲ್‌ನಿಂದಲೇ ತೆಗೆದದ್ದು. ಆದರೆ ದುಡ್ಡು ಕಟ್ಟುವ ಮೊದಲಿನ ಚಲನ್! ಪೋರ್ಟಲ್‌ನಲ್ಲಿ ಮೊತ್ತ ತುಂಬಿ ಬಟನ್ ಒತ್ತಿದರೆ ಸಾಕು, 14 ಅಂಕಿಯ ಸಿಪಿಐಎನ್ ನಂಬರ್ ಸಮೇತ ಚಲನ್ ತಯಾರು. ಕಟ್ಟದಿದ್ದರೆ 15 ದಿನಕ್ಕೆ ಅದು ರದ್ದು. ದುಡ್ಡು ನಿಜವಾಗಿ ಹೋದ ಮೇಲೆ ಬರುವ ರಶೀದಿಯಲ್ಲಿ ಸಿಐಎನ್ ಅಂತ 17 ಅಕ್ಷರದ ಇನ್ನೊಂದು ನಂಬರ್ ಇರುತ್ತದೆ. ನಮಗೆ ಬಂದ ಒಂದರಲ್ಲೂ ಅದು ಇರಲಿಲ್ಲ. ನಿಮ್ಮ ಹತ್ತಿರ ಚಲನ್ ಇದ್ದರೆ ಈಗಲೇ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ 'ಟ್ರ್ಯಾಕ್ ಪೇಮೆಂಟ್ ಸ್ಟೇಟಸ್' ಅಂತ ಇದೆ. ಜಿಎಸ್‌ಟಿ ನಂಬರ್, ಸಿಪಿಐಎನ್ ಹಾಕಿದರೆ ಕಟ್ಟಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಲಾಗಿನ್ ಕೂಡ ಬೇಡ.

ದುಡ್ಡು ಕಟ್ಟದೆ ರಿಟರ್ನ್ ಹೇಗೆ ಹೋಗುತ್ತಿತ್ತು ಅಂತ ಕೇಳುತ್ತೀರಿ. ತೆರಿಗೆ ಎಷ್ಟು, ಐಟಿಸಿ ಎಷ್ಟು ಅಂತ ಲೆಕ್ಕ ಕೊಡುವ 3ಬಿ ರಿಟರ್ನ್‌ನಲ್ಲಿ ಐಟಿಸಿ 2 ಲಕ್ಷ ಬರೆಯುವ ಜಾಗದಲ್ಲಿ 3.60 ಲಕ್ಷ ಬರೆದುಬಿಡುತ್ತಿದ್ದ. ತೆರಿಗೆಗೆ ಐಟಿಸಿ ವಜಾ, ಕಟ್ಟಬೇಕಾದ್ದು ಸೊನ್ನೆ. ಪೋರ್ಟಲ್‌ನ 'ಸರ್ಚ್ ಟ್ಯಾಕ್ಸ್‌ಪೇಯರ್' ಪುಟದಲ್ಲಿ ನಮ್ಮ ನಂಬರ್ ಹಾಕಿ ನಾನು ನೋಡುತ್ತಲೇ ಇದ್ದೆ. ಪ್ರತಿ ತಿಂಗಳೂ 'ಫೈಲ್ಡ್' ಅಂತಲೇ ಇತ್ತು, ತಾರೀಕೂ ಸರಿಯಾಗಿತ್ತು. ಆ ಪುಟ ತೋರಿಸುವುದು ಅಷ್ಟೇ. ಒಳಗೆ ಏನು ಬರೆದಿದ್ದಾರೆ ಅಂತ ಅದು ಹೇಳಲ್ಲ. ಅದಕ್ಕೆ 3ಬಿ ಪೂರ್ತಿ ಪ್ರತಿ ಬೇಕು. ಅದರಲ್ಲಿ 6.1 ಅಂತ ಒಂದು ಕೋಷ್ಟಕ ಇದೆ, ತೆರಿಗೆಯಲ್ಲಿ ಐಟಿಸಿಯಿಂದ ಎಷ್ಟು, ನಗದಿನಿಂದ ಎಷ್ಟು ಹೋಯಿತು ಅಂತ ಬೇರೆ ಬೇರೆ ಕಾಲಂ. ನೀವು ದುಡ್ಡು ಕೊಟ್ಟ ತಿಂಗಳಲ್ಲಿ ನಗದು ಕಾಲಂ ಸೊನ್ನೆ ಇದ್ದರೆ ಅಲ್ಲಿಗೆ ಮುಗಿಯಿತು. ನಮಗೆ ಆತ ಕಳಿಸುತ್ತಿದ್ದದ್ದು ಮೊದಲ ಪುಟ ಮಾತ್ರ.

ವಿಷಯ ಹೊರಬಿದ್ದದ್ದು ಮಾರ್ಚ್‌ನಲ್ಲಿ. ಗುತ್ತಿಗೆದಾರರ ಮನೆಗೆ ಮಾರ್ಚ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬಿಲ್ ಪಾಸಾಗಿ ಖಜಾನೆಯಿಂದ ದುಡ್ಡು ಖಾತೆಗೆ ಬಂದಿತ್ತು. ಯುಗಾದಿಗೆ ಊರಿಗೆ ಹೊರಟ ಕೆಲಸಗಾರರಿಗೆ ಕೊಡಬೇಕು ಅಂತ ಬ್ಯಾಂಕಿಗೆ ಹೋದರೆ ಖಾತೆ ತಡೆಹಿಡಿದಿದ್ದಾರೆ. ಮ್ಯಾನೇಜರ್ ತೋರಿಸಿದ ಪತ್ರದ ಮೇಲೆ ಡಿಆರ್‌ಸಿ-13 ಅಂತಿತ್ತು. ತೆರಿಗೆ ಬಾಕಿ ವಸೂಲಿಗೆ ಇಲಾಖೆ ನೇರ ಬ್ಯಾಂಕಿಗೆ ಕಳಿಸುವ ನೋಟಿಸ್ ಅದು. ಕೆಲಸಗಾರರ ದುಡ್ಡನ್ನು ನನ್ನ ಬಳೆ ಅಡವಿಟ್ಟು ಕೊಟ್ಟೆವು. ಹಬ್ಬದ ಮುಂದೆ ಅವರನ್ನು ಬರಿಗೈಲಿ ಕಳಿಸೋಕಾಗುತ್ತಾ?

ಹೊಸ ಸಿಎ ಒಬ್ಬರನ್ನು ಹಿಡಿದು ಪೋರ್ಟಲ್ ತೆಗೆಸಿದಾಗ 'ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್' ಅನ್ನುವ ಮೂಲೆಯಲ್ಲಿ ಎಲ್ಲವೂ ಸಾಲಾಗಿ ಬಿದ್ದಿದ್ದವು. ಮೊದಲು ಎಎಸ್‌ಎಂಟಿ-10, ಅಂದರೆ ನಿಮ್ಮ ರಿಟರ್ನ್‌ನಲ್ಲಿ ವ್ಯತ್ಯಾಸ ಇದೆ, ಉತ್ತರ ಕೊಡಿ ಅನ್ನುವ ಪತ್ರ. ಆಮೇಲೆ ಡಿಆರ್‌ಸಿ-01, ಶೋಕಾಸ್ ನೋಟಿಸ್. ಆಮೇಲೆ ವಿಚಾರಣೆಗೆ ಬನ್ನಿ ಅನ್ನುವ ಜ್ಞಾಪನೆ. ಕೊನೆಗೆ ಡಿಆರ್‌ಸಿ-07, ಆದೇಶ. ಒಂದಕ್ಕೂ ಉತ್ತರ ಹೋಗಿಲ್ಲ. ಎಲ್ಲದರ ಎಸ್‌ಎಂಎಸ್, ಇಮೇಲ್ ಆತನಿಗೇ ಹೋಗಿದೆ. ಕಾನೂನಿನ ಪ್ರಕಾರ ಪೋರ್ಟಲ್‌ಗೆ ಹಾಕುವುದೂ ನೋಟಿಸ್ ತಲುಪಿಸುವ ಒಂದು ವಿಧಾನವೇ, ಹಾಗಾಗಿ ಗೊತ್ತೇ ಇರಲಿಲ್ಲ ಅಂದರೆ ಅಷ್ಟು ಸುಲಭವಾಗಿ ಒಪ್ಪಲ್ಲ.

ಅಧಿಕಾರಿಗಳಿಗೆ ಸಿಕ್ಕಿದ್ದಾದರೂ ಹೇಗೆ? ಅಂಗಡಿಯವರು ತಮ್ಮ ರಿಟರ್ನ್ ಹಾಕಿದಾಗ ನಮ್ಮ ಹೆಸರಿನಲ್ಲಿ 2ಬಿ ಅಂತ ಒಂದು ಪಟ್ಟಿ ತಾನಾಗಿಯೇ ತಯಾರಾಗುತ್ತದೆ. 2022ರ ಜನವರಿಯಿಂದ ಅದರಲ್ಲಿ ಇಲ್ಲದ ಐಟಿಸಿ ತಗೊಳ್ಳುವ ಹಾಗೇ ಇಲ್ಲ. ಪಟ್ಟಿಯಲ್ಲಿ 2 ಲಕ್ಷ, ನಾವು ತಗೊಂಡದ್ದು 3.60 ಲಕ್ಷ. ಕಂಪ್ಯೂಟರ್‌ಗೆ ಇದು ಕಾಣದೇ ಇರುತ್ತಾ? ಈಗ ತೆರಿಗೆಯ ಜೊತೆಗೆ ವರ್ಷಕ್ಕೆ 18% ಬಡ್ಡಿ. ದಂಡ ನಮಗೆ 10% ಹಾಕಿದ್ದಾರೆ. ಮೋಸ ಅಂತ ಜಿಎಸ್‌ಟಿ ಕಾಯ್ದೆಯ 74ನೇ ಕಲಂ ಹಾಕಿದ್ದರೆ ತೆರಿಗೆಯಷ್ಟೇ ದಂಡ ಬೀಳುತ್ತಿತ್ತು. ಸಂಬಂಧಪಟ್ಟ ಅಧಿಕಾರಿ ನಮ್ಮ ಮಾತು ಕೇಳಿಸಿಕೊಂಡರು. ಆದರೂ "ಅಮ್ಮಾ, ಜಿಎಸ್‌ಟಿ ನಂಬರ್ ಯಾರ ಹೆಸರಲ್ಲಿದೆಯೋ ಅವರನ್ನೇ ನಾವು ಕೇಳೋದು" ಅಂದರು. ಅವರದ್ದು ತಪ್ಪು ಅನ್ನೋಕಾಗಲ್ಲ.

ಆದೇಶದ ವಿರುದ್ಧ ಅಪೀಲಿಗೆ ಮೂರು ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು, ಅಷ್ಟೇ ಅವಕಾಶ. ನಾವು ಆ ಕೊನೆಯ ತಿಂಗಳಿನಲ್ಲಿದ್ದೆವು. ವಿವಾದದಲ್ಲಿರುವ ತೆರಿಗೆಯ 10% ಕಟ್ಟಿ ಅಪೀಲು ಹಾಕಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ಹಾಗೆ ಮಾಡಿದ ಮೇಲೆ ಖಾತೆ ಬಿಟ್ಟರು. ಅಪೀಲು ಇನ್ನೂ ನಡೆಯುತ್ತಿದೆ. ಕನ್ಸಲ್ಟೆಂಟ್‌ನನ್ನು ಕೇಳಿದರೆ "ಸಿಸ್ಟಮ್ ಮಿಸ್ಟೇಕ್ ಅಕ್ಕಾ, ಸರಿ ಮಾಡಿಸ್ತೀನಿ" ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ಇನ್ನೆರಡು ವಿಷಯ ಆಮೇಲೆ ಗೊತ್ತಾದವು.

ಒಂದು, ಟಿಡಿಎಸ್. ಬಿಲ್ ಪಾಸಾಗುವಾಗ ಇಲಾಖೆ ಎರಡು ಟಿಡಿಎಸ್ ಹಿಡಿಯುತ್ತದೆ. ಆದಾಯ ತೆರಿಗೆಯದ್ದು ವೈಯಕ್ತಿಕ ಹೆಸರಿನ ಗುತ್ತಿಗೆದಾರರಿಗೆ 1%, ಅದು 26ಎಎಸ್ ಅನ್ನುವ ಆದಾಯ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ. ಜಿಎಸ್‌ಟಿಯದ್ದು 2%, ಎರಡೂವರೆ ಲಕ್ಷಕ್ಕಿಂತ ದೊಡ್ಡ ಗುತ್ತಿಗೆಗೆ. 20 ಲಕ್ಷಕ್ಕೆ 40,000 ಆಯಿತಲ್ಲ. "ಅದೆಲ್ಲಾ ಇನ್‌ಕಮ್ ಟ್ಯಾಕ್ಸ್‌ನಲ್ಲಿ ವಾಪಸ್ ಬರುತ್ತೆ" ಅಂತ ಆತ ಎರಡನ್ನೂ ಸೇರಿಸಿ ಹೇಳುತ್ತಿದ್ದ. ಶುದ್ಧ ಸುಳ್ಳು. ಜಿಎಸ್‌ಟಿ ಟಿಡಿಎಸ್ ಬರುವುದು ಜಿಎಸ್‌ಟಿ ಪೋರ್ಟಲ್‌ಗೇ. ಇಲಾಖೆಯವರು ತಮ್ಮ ರಿಟರ್ನ್ ಹಾಕಿದ ಮೇಲೆ ನಾವು 'ಟಿಡಿಎಸ್ ಅಂಡ್ ಟಿಸಿಎಸ್ ಕ್ರೆಡಿಟ್ ರಿಸೀವ್ಡ್'ಗೆ ಹೋಗಿ ಆಕ್ಸೆಪ್ಟ್ ಮಾಡಿ ಫೈಲ್ ಮಾಡಬೇಕು. ಆಗ ಅದು ತೆರಿಗೆ ಕಟ್ಟಲು ಬಳಸುವ ನಮ್ಮ ಕ್ಯಾಶ್ ಲೆಡ್ಜರ್‌ಗೆ ಸೇರುತ್ತದೆ. ಆತ ಒಂದು ಸಲವೂ ಒತ್ತಿರಲಿಲ್ಲ. ಹೊಸ ಸಿಎ ಒತ್ತಿಸಿದಾಗ ಬಂದ ದುಡ್ಡಿನಲ್ಲೇ ಅಪೀಲಿನ 10% ಕಟ್ಟಿದೆವು.

ಎರಡು, ಟೆಂಡರ್‌ಗೆ ಹಾಕುವ ವಹಿವಾಟು ಪ್ರಮಾಣಪತ್ರ. ಕನ್ಸಲ್ಟೆಂಟ್ ಸಿಎ ಅಲ್ಲ, ಯಾರದೋ ಸಿಎ ಸೀಲ್ ಹಾಕಿಸಿ ತಂದುಕೊಡುತ್ತಿದ್ದ. ಸಿಎ ಸಹಿ ಮಾಡುವ ಪ್ರಮಾಣಪತ್ರಕ್ಕೆ ಯುಡಿಐಎನ್ ಅನ್ನುವ 18 ಅಕ್ಷರದ ಗುರುತಿನ ಸಂಖ್ಯೆ ಇರಲೇಬೇಕು. ಮೊದಲ ಎರಡು ಅಂಕಿ ವರ್ಷ, ಆಮೇಲಿನ ಆರು ಆ ಸಿಎ ಸದಸ್ಯತ್ವ ಸಂಖ್ಯೆ. ಸಿಎ ಸಂಸ್ಥೆಯ ಯುಡಿಐಎನ್ ತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ನಮ್ಮದನ್ನು ಹಾಕಿದರೆ ಅಂಥ ದಾಖಲೆಯೇ ಇಲ್ಲ ಅಂತ ಬಂತು. ಟೆಂಡರ್‌ನಲ್ಲಿ ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಹೋಗುವುದು ಟೆಂಡರ್ ಠೇವಣಿ (ಇಎಂಡಿ) ಮಾತ್ರ ಅಲ್ಲ, ಹೆಸರು ಕಪ್ಪುಪಟ್ಟಿಗೂ ಸೇರಬಹುದು. ತೆರಿಗೆ ನೋಟಿಸ್‌ಗಿಂತ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಇದಕ್ಕೇ.

ಲಾಗಿನ್ ಕನ್ಸಲ್ಟೆಂಟ್ ಕೈಯಲ್ಲಿದ್ದು, ಕೇಳಿದರೆ ಸತಾಯಿಸುತ್ತಿದ್ದರೆ ಆತನ ಓಟಿಪಿಗೆ ಕಾಯುತ್ತಾ ಕೂರಬೇಡಿ. 'ಸರ್ಚ್ ಟ್ಯಾಕ್ಸ್‌ಪೇಯರ್'ನಲ್ಲಿ ನಿಮ್ಮ ನಂಬರ್ ಹಾಕಿದರೆ ನೀವು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತೀರಿ ಅಂತ ಇರುತ್ತದೆ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ಚೀಟಿ, ಸಂಸ್ಥೆಯ ದಾಖಲೆ ಹಿಡಿದು ಅಲ್ಲಿ ಅರ್ಜಿ ಕೊಡಬೇಕು. ಅಧಿಕಾರಿಯೇ ಹೊಸ ಮೊಬೈಲ್, ಇಮೇಲ್ ಹಾಕಿ ಪಾಸ್‌ವರ್ಡ್ ಬದಲಿಸಿಕೊಡುತ್ತಾರೆ. ನಮಗೂ ಹಾಗೇ ಮಾಡಿಕೊಟ್ಟರು, ಯಾರೂ ಒಂದು ರೂಪಾಯಿ ಕೇಳಲಿಲ್ಲ. ತೆರಿಗೆ ದುಡ್ಡು ಮಾತ್ರ ನಿಮ್ಮ ಖಾತೆಯಿಂದ ನೆಟ್ ಬ್ಯಾಂಕಿಂಗ್‌ನಲ್ಲೇ ಹೋಗಲಿ. ಚಲನ್ ಬೇಕಾದರೆ ಅವರು ಮಾಡಿಕೊಡಲಿ, ಕಟ್ಟುವುದು ನೀವು.