ಹಿತ್ತಲಿಗೆ ಹಾಟ್ ಟಬ್: ಟ್ರಾಲಿಯೋ, ಪೈಪೋ, ಕ್ರೇನೋ?

ಹಾಟ್ ಟಬ್, ಅಂದರೆ ಬಿಸಿನೀರಿನಲ್ಲಿ ಹಲವರು ಒಟ್ಟಿಗೆ ಕೂರುವ ದೊಡ್ಡ ತೊಟ್ಟಿ, ತರಿಸುವವರು ಮೊದಲು ಕೇಳುವುದು ತೂಕ. ಐದಾರು ಜನ ಕೂರುವ ಅಕ್ರಿಲಿಕ್ ಟಬ್ ಖಾಲಿ ಇದ್ದಾಗಲೇ 300ರಿಂದ 450 ಕೆಜಿ ಇರುತ್ತದೆ. ಹೆದರಿಕೆ ಆಗುವುದು ಸಹಜ. ಆದರೆ ಬೇರೆ ಬೇರೆ ರೀತಿಯಲ್ಲಿ ಸಾಗಿಸಿ ನೋಡಿದ ಮೇಲೆ ನಾನು ತೂಕಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದೇನೆ. ತೂಕಕ್ಕೆ ಚಕ್ರ ಇದೆ, ಹಗ್ಗ ಇದೆ, ಜನ ಇದ್ದಾರೆ. ಮನೆ ಪಕ್ಕದ ಸಂದಿಯಲ್ಲಿ ಒಂದು ತಿರುವು ಇದ್ದರೆ ಅದಕ್ಕೆ ಮಾತ್ರ ಏನೂ ಮಾಡೋಕಾಗಲ್ಲ. ಟ್ರಾಲಿ ಸಾಕೋ ಕ್ರೇನ್ ಬೇಕೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಟಬ್ ಒಳಗೆ ಬಂದಿದ್ದು ಟ್ರಾಲಿ ಮತ್ತು ಪೈಪ್ ಎರಡರ ಸಹಾಯದಿಂದ. ಅಕ್ಕನ ಮನೆಯದು ಕ್ರೇನಿನಲ್ಲಿ, ಮನೆಯ ಮೇಲಿಂದ ಇಳಿಯಿತು. ಅಲ್ಲೂ ಹಗ್ಗ ಹಿಡಿದು ನಿಂತಿದ್ದೆ.

ಮೊದಲು ಟ್ರಾಲಿ. ಟಬ್ಬನ್ನು ಪಕ್ಕಕ್ಕೆ ಮಗುಚಿ ನಿಲ್ಲಿಸಿ, ಗಟ್ಟಿ ಬೆಲ್ಟಿನಿಂದ ಬಿಗಿದು ತಳ್ಳುವುದು. ಸಾಮಾನ್ಯ ಟಬ್ 7 ಅಡಿ ಉದ್ದ, 7 ಅಡಿ ಅಗಲ, 3 ಅಡಿ ಎತ್ತರ ಅಂದುಕೊಳ್ಳಿ. ಮಗುಚಿದಾಗ ಅದರ ಎತ್ತರವೇ ಅಗಲ ಆಗುತ್ತದೆ. ಅಂದರೆ 3 ಅಡಿ ಅಗಲ, 7 ಅಡಿ ಎತ್ತರದ ಗೋಡೆಯೊಂದನ್ನು ತಳ್ಳಿದ ಹಾಗೆ. ನೇರ ಸಂದಿಯಾದರೆ ಮೂರೂವರೆ ಅಡಿ ಜಾಗ ಸಾಕು. ಟ್ರಾಲಿಯ ಎತ್ತರವೂ ಸೇರುವುದರಿಂದ ಸೂರು, ಎಸಿ ಪೆಟ್ಟಿಗೆ, ಗೋಡೆಯಿಂದ ಚಾಚಿದ ಪೈಪು ಎಲ್ಲವನ್ನೂ ಎಂಟು ಅಡಿವರೆಗೆ ನೋಡಿಕೊಳ್ಳಬೇಕು. ನಲ್ಲಿ, ಮೀಟರು ಇದ್ದ ಕಡೆ ಅಳತೆಯನ್ನು ಗೋಡೆಯಿಂದ ಅಲ್ಲ, ಆ ನಲ್ಲಿಯ ಮೂತಿಯಿಂದ ತೆಗೆಯಿರಿ. ಗೇಟು ಕಿರಿದಾಗಿದ್ದರೆ ಬಾಗಿಲನ್ನು ಹಿಂಜಿನಿಂದ ಕಳಚಿ. ಬರೀ ಎರಡು ಇಂಚು ಸಿಕ್ಕರೂ ಅದು ದೊಡ್ಡ ಲಾಭ.

ಇನ್ನು ತಿರುವು. ಸಂದಿ 90 ಡಿಗ್ರಿ ತಿರುಗಿದರೆ ಮೂರೂವರೆ ಅಡಿ ಏನೂ ಸಾಲದು. 7 ಅಡಿ ಉದ್ದ, 3 ಅಡಿ ದಪ್ಪದ ವಸ್ತು ಅಲ್ಲಿ ತಿರುಗಬೇಕಾದರೆ ಎರಡೂ ಕಡೆಯ ಸಂದಿ ಸುಮಾರು 4.6 ಅಡಿ ಅಗಲ ಇರಬೇಕು. ಕೈ ಆಡಿಸಲು ಸ್ವಲ್ಪ ಜಾಗ ಸೇರಿಸಿದರೆ ಐದು ಅಡಿ ಹತ್ತಿರ. ಇದನ್ನು ಲೆಕ್ಕ ಹಾಕಿ ಒದ್ದಾಡಬೇಕಿಲ್ಲ. ರಟ್ಟಿನ ಪೆಟ್ಟಿಗೆ ಬಿಡಿಸಿ, 7 ಅಡಿಗೆ 3 ಅಡಿ ಕತ್ತರಿಸಿ, ನೆಲದ ಮೇಲಿಟ್ಟು ಆ ಮೂಲೆಯಲ್ಲಿ ತಿರುಗಿಸಿ ನೋಡಿ. ರಟ್ಟು ತಿರುಗದಿದ್ದರೆ ಟಬ್ಬೂ ತಿರುಗಲ್ಲ.

ಟಬ್ ಚೌಕವಾಗಿಲ್ಲದೆ 7 ಅಡಿಗೆ 5 ಅಡಿ ಇದ್ದರೆ ಒಂದು ಉಪಾಯ ಇದೆ. 5 ಅಡಿಯ ಬದಿ ಕೆಳಗೆ ಬರುವ ಹಾಗೆ ನಿಲ್ಲಿಸಿದರೆ ತಿರುವಿಗೆ ಸುಮಾರು 4 ಅಡಿ ಸಾಕಾಗುತ್ತದೆ. ಎತ್ತರ 7 ಅಡಿಯೇ ಇರುತ್ತದೆ, ಆದರೆ ಆಕಾಶದಲ್ಲಿ ಯಾರೂ ಗೋಡೆ ಕಟ್ಟಿರುವುದಿಲ್ಲವಲ್ಲ. ಈ ರೀತಿ ನಿಂತ ಟಬ್ ವಾಲುವ ಭಯ ಮಾತ್ರ ಜಾಸ್ತಿ, ಎರಡೂ ಕಡೆ ಆಳು ಬೇಕೇ ಬೇಕು. ಯಾವ ಬದಿಯ ಮೇಲೆ ನಿಲ್ಲಿಸಬಹುದು ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಪಂಪು, ಹೀಟರು, ಕಂಟ್ರೋಲ್ ಪೆಟ್ಟಿಗೆ ಇರುವ ಬದಿಯನ್ನು ಕೆಳಗೆ ಮಾಡಬಾರದು. ಭಾರವೂ ಆ ಕಡೆಗೇ ಜಾಸ್ತಿ ಇರುವುದರಿಂದ ಮಗುಚುವಾಗ ಟಬ್ ನೀವು ಅಂದುಕೊಂಡ ಕಡೆಗೆ ವಾಲಲ್ಲ.

ಟ್ರಾಲಿಗೆ ಆಗದ ಇನ್ನೊಂದು ವಿಷಯ ಇಳಿಜಾರು. ಹತ್ತು ಅಡಿಗೆ ಒಂದೇ ಅಡಿ ಏರಿದರೂ 400 ಕೆಜಿ ಟಬ್ ಸುಮಾರು 40 ಕೆಜಿ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ನಾಲ್ಕು ಜನಕ್ಕೆ ಅದು ದೊಡ್ಡದಲ್ಲ. ಆದರೆ ಒಬ್ಬರ ಕಾಲು ಜಾರಿದರೆ ಉಳಿದ ಮೂವರು ಏನು ಮಾಡುತ್ತಾರೆ? ಮೇಲಿನ ಕಂಬಕ್ಕೋ ಮರಕ್ಕೋ ಹಗ್ಗ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಡುವುದು ಒಳ್ಳೆಯದು. ಟಬ್ಬಿನ ಕೆಳಗಡೆ ಯಾರೂ ನಿಲ್ಲಬಾರದು, ಅದರಲ್ಲಿ ಚರ್ಚೆಯೇ ಇಲ್ಲ.

ಸಂದಿ ದಾಟಿ ಹಿತ್ತಲಿಗೆ ಬಂದ ಮೇಲೆ ಟ್ರಾಲಿ ನಮಗೆ ಕೈಕೊಟ್ಟಿತು. ಮಣ್ಣು ಮೆತ್ತಗಿತ್ತು, ಪುಟ್ಟ ಚಕ್ರಗಳು ಹೂತುಕೊಂಡವು. ಅಲ್ಲಿಂದ ಮುಂದೆ ಪೈಪು. ಟಬ್ಬನ್ನು ನೆಟ್ಟಗೆ ಕೂರಿಸಿ, ಕೆಳಗೆ ದಪ್ಪ ಪಿವಿಸಿ ಪೈಪಿನ ತುಂಡುಗಳನ್ನು ಅಡ್ಡಲಾಗಿಟ್ಟು ಉರುಳಿಸುವುದು. ಹಿಂದೆ ಬಿಟ್ಟ ಪೈಪನ್ನು ತೆಗೆದು ಮುಂದೆ ಹಾಕುತ್ತಾ ಹೋಗಬೇಕು. ಯಾವ ಹೊತ್ತಿಗೂ ಕನಿಷ್ಠ ಮೂರು ಪೈಪು ಕೆಳಗಿರಲಿ. ಮಣ್ಣಿನ ಮೇಲೆ ಪೈಪೂ ಹೂತುಕೊಳ್ಳುತ್ತದೆ, ಹಾಗಾಗಿ ಮೊದಲು ಪ್ಲೈವುಡ್ ಹಾಸಬೇಕು. ಎರಡು ಹಾಳೆ ಇದ್ದರೆ ಸಾಕು, ಅದನ್ನೂ ಹಿಂದಿನಿಂದ ಮುಂದಕ್ಕೆ ಬದಲಿಸುತ್ತಾ ಹೋಗಬಹುದು. ಪೈಪನ್ನು ಸ್ವಲ್ಪ ಓರೆ ಮಾಡಿದರೆ ಟಬ್ಬೂ ಓರೆಯಾಗಿ ತಿರುಗುತ್ತದೆ. ಇಷ್ಟು ಸಲೀಸಾಗಿ ಸಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಇಬ್ಬರೇ ತಳ್ಳಿದರೂ ಹೋಗುತ್ತದೆ. ಆದರೆ ಇದು ಬಯಲಿನ ಉಪಾಯ. ಟಬ್ ತಳದ ಮೇಲೆ ಕೂತಿದ್ದಾಗ ಪೂರ್ತಿ 7 ಅಡಿ ಜಾಗ ಬೇಕು. ಮಗುಚಿ ನಿಲ್ಲಿಸಿದ ಟಬ್ಬನ್ನು ಪೈಪಿನ ಮೇಲೆ ಉರುಳಿಸುವ ಸಾಹಸ ಮಾತ್ರ ಬೇಡ.

ಫೋರ್ಕ್ ಇರುವ ಪುಟ್ಟ ಲೋಡರ್ ಬಗ್ಗೆ ಜಾಸ್ತಿ ಹೇಳಲ್ಲ. ಸಂದಿಯಲ್ಲಿ ನುಗ್ಗುವಷ್ಟು ಚಿಕ್ಕದು ಸಿಕ್ಕರೆ ಅದರ ಎತ್ತುವ ಮಿತಿ ಟಬ್ಬಿನ ತೂಕಕ್ಕೆ ಸಾಲದೆ ಹೋಗಬಹುದು. ಮಿತಿ ಸಾಕಾಗುವಷ್ಟು ದೊಡ್ಡದು ಗೇಟಿನಲ್ಲೇ ನಿಂತುಬಿಡಬಹುದು. ಹುಲ್ಲು ಹಾಳಾಗುವುದಂತೂ ಖಂಡಿತ.

ಕ್ರೇನಿಗೆ ಸಂದಿಯ ಗೊಡವೆಯೇ ಇಲ್ಲ. ಖರ್ಚು ಎಲ್ಲಕ್ಕಿಂತ ಜಾಸ್ತಿ, ಆದರೆ ಅಕ್ಕನ ಮನೆಯಲ್ಲಿ ಟಬ್ ಗಾಳಿಯಲ್ಲಿ ಇದ್ದದ್ದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ತಯಾರಿಗೆ ಹೋಯಿತು. ದೊಡ್ಡ ಕ್ರೇನ್ ಯಾಕೆ ಎಂದು ಭಾವ ಮೊದಲು ಗೊಣಗಿದರು. 400 ಕೆಜಿ ಎತ್ತಲು ಇಷ್ಟು ದೊಡ್ಡದಾ ಅಂತ. ಆದರೆ ಕ್ರೇನಿನ ಮೇಲೆ ಬರೆದ ಟನ್ ಲೆಕ್ಕ ಅದು ತನ್ನ ಬುಡದ ಹತ್ತಿರ ಎತ್ತುವ ಭಾರದ್ದು. ತೋಳು ದೂರ ಚಾಚಿದಷ್ಟೂ ಆ ಶಕ್ತಿ ಇಳಿಯುತ್ತಾ ಹೋಗುತ್ತದೆ. ರಸ್ತೆಯಲ್ಲಿ ನಿಂತು, ಮನೆ ದಾಟಿಸಿ ಹಿತ್ತಲಿಗೆ ಇಡಬೇಕಾದರೆ ಟನ್ನುಗಟ್ಟಲೆ ಎತ್ತುವ ಕ್ರೇನಿಗೂ ಕೊನೆಗೆ ಉಳಿಯುವುದು ಚೂರುಪಾರು. ಕೊಕ್ಕೆ, ಬೆಲ್ಟು, ಅಡ್ಡಪಟ್ಟಿಯ ತೂಕವೂ ಆ ಲೆಕ್ಕದಲ್ಲೇ ಬರುತ್ತದೆ. ಹಾಗಾಗಿ ಕ್ರೇನ್ ಹೇಳುವಾಗ ಟಬ್ಬಿನ ತೂಕ ಒಂದೇ ಹೇಳಿದರೆ ಸಾಲದು. ಕ್ರೇನ್ ನಿಲ್ಲುವ ಜಾಗದಿಂದ ಟಬ್ ಕೂರುವ ಜಾಗಕ್ಕೆ ಇರುವ ದೂರ, ಮನೆಯ ಎತ್ತರ ಎರಡನ್ನೂ ಅಳೆದು ಹೇಳಿ.

ಬೆಲ್ಟನ್ನು ಟಬ್ಬಿನ ತಳದಿಂದ ಸುತ್ತಿ, ಮೇಲೆ ಅಡ್ಡಪಟ್ಟಿಗೆ ಕಟ್ಟಬೇಕು. ಅಡ್ಡಪಟ್ಟಿ ಇಲ್ಲದಿದ್ದರೆ ಬೆಲ್ಟು ಒಳಕ್ಕೆ ಒತ್ತಿ ಅಕ್ರಿಲಿಕ್ ಅಂಚು ಸೀಳಬಹುದು. ಮೂಲೆಗೆ ಕಟ್ಟಿದ ಎರಡು ಹಗ್ಗವನ್ನು ಕೆಳಗಿನವರು ಹಿಡಿದಿರುತ್ತಾರೆ, ಟಬ್ ಗಿರಗಿರ ತಿರುಗದ ಹಾಗೆ. ಜೋರು ಗಾಳಿ ಇದ್ದರೆ ಆಪರೇಟರ್ ಕೆಲಸ ನಿಲ್ಲಿಸುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಕ್ರೇನಿನ ಕಾಲುಗಳು ಊರುವ ಜಾಗದ ಕೆಳಗೆ ಶೌಚದ ಗುಂಡಿ, ಚರಂಡಿ ಪೈಪು ಇದೆಯಾ ಎಂದು ಗೊತ್ತಿರುವುದು ನಿಮಗೆ ಮಾತ್ರ, ಮೊದಲೇ ಹೇಳಿಬಿಡಿ. ಕ್ರೇನನ್ನು ತಳ್ಳಿಹಾಕುವ ದೊಡ್ಡ ಕಾರಣ ವಿದ್ಯುತ್ ತಂತಿ. ತೋಳು ಹೋಗುವ ದಾರಿಯಲ್ಲಿ ತಂತಿ ಇದ್ದರೆ, ವಿದ್ಯುತ್ ಕಡಿತ ಮಾಡಿಸದೆ ಆ ಯೋಚನೆಯೇ ಬೇಡ.

ತಂತಿಯೂ ಇದೆ, ತಿರುವೂ ಇಕ್ಕಟ್ಟು ಅಂದರೆ? ಆಗ ನಾನು ಟಬ್ಬನ್ನೇ ಬದಲಿಸಿ ಎನ್ನುತ್ತೇನೆ. ಮರದ ಟಬ್ ಹಲಗೆ ಹಲಗೆಯಾಗಿ ಬರುತ್ತದೆ, ಹಿತ್ತಲಲ್ಲೇ ಜೋಡಿಸಿ ಲೋಹದ ಪಟ್ಟಿ ಬಿಗಿಯುತ್ತಾರೆ. ಮೊದಮೊದಲು ಸೋರುತ್ತದೆ, ಮರ ನೀರು ಕುಡಿದು ಉಬ್ಬಿದ ಮೇಲೆ ನಿಲ್ಲುತ್ತದೆ. ಗೆಳೆಯನ ಮನೆಯಲ್ಲಿ ಅದನ್ನು ಬಳಸಿದ್ದೇನೆ, ನೀರಿನ ಬಿಸಿ ಚೆನ್ನಾಗಿ ಹಿಡಿದಿಡುತ್ತದೆ. ಗಾಳಿ ತುಂಬುವ ಟಬ್ಬನ್ನು ಒಬ್ಬಿಬ್ಬರು ಹೊತ್ತು ತರಬಹುದು. ಆದರೆ ಚಳಿಯಲ್ಲಿ ಬೇಗ ತಣ್ಣಗಾಗುತ್ತದೆ, ಕರೆಂಟ್ ಬಿಲ್ ಸುಮ್ನೆ ಏರುತ್ತದೆ. ನನಗೆ ಅಷ್ಟು ಹಿಡಿಸಲಿಲ್ಲ.

ಯಾವ ದಾರಿ ಹಿಡಿದರೂ ನೆಲ ಮೊದಲು ಸಿದ್ಧ ಇರಬೇಕು. 1300 ಲೀಟರ್ ನೀರು ಅಂದರೆ 1300 ಕೆಜಿ. ಟಬ್ಬು, ಐದು ಜನ ಸೇರಿದರೆ ಎರಡು ಟನ್ ಆಗುತ್ತದೆ. ಸುಮಾರು ನಾಲ್ಕು ಇಂಚಿನ ಮಟ್ಟಸವಾದ ಕಾಂಕ್ರೀಟ್ ಹಾಸು ಹಾಕಿಸಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಟಬ್ ತರಿಸಿ. ಪಂಪಿನ ಬಾಗಿಲು ಯಾವ ಕಡೆಗೆ ಬರಬೇಕು ಎಂದು ರಸ್ತೆಯಲ್ಲೇ ತೀರ್ಮಾನಿಸಿಕೊಳ್ಳಿ, ಒಳಗೆ ಹೋದ ಮೇಲೆ ಟಬ್ ತಿರುಗಿಸಲು ಜಾಗ ಇರುವುದಿಲ್ಲ. ಆ ಬಾಗಿಲಿನ ಮುಂದೆ ಎರಡು ಅಡಿಯಾದರೂ ಖಾಲಿ ಇರಲಿ. ಇಲ್ಲದಿದ್ದರೆ ಪಂಪ್ ಕೆಟ್ಟ ದಿನ ರಿಪೇರಿಯವನು ಕೂರುವುದಕ್ಕೂ ಜಾಗ ಇಲ್ಲದೆ ಟಬ್ಬನ್ನೇ ಮತ್ತೆ ಸರಿಸಬೇಕಾಗುತ್ತದೆ. ನೀರು ತುಂಬಿಸುವಾಗ ಆ ಬಾಗಿಲು ತೆರೆದಿಟ್ಟು ಒಳಗಿನ ಪೈಪ್ ಜೋಡಣೆಗಳನ್ನು ನೋಡುತ್ತಿರಿ. ದಾರಿಯ ಕುಲುಕಾಟಕ್ಕೆ ಒಂದೆರಡು ಸಡಿಲವಾಗಿರುವ ಸಾಧ್ಯತೆ ಇದೆ. ಕೈಯಲ್ಲೇ ಬಿಗಿ ಮಾಡಿದರೆ ಸಾಮಾನ್ಯವಾಗಿ ಸೋರುವುದು ನಿಲ್ಲುತ್ತದೆ.